ಗಾಜಿನ ಎಳೆಯನ್ನು ಬೆಸೆಯುವ ಕೈಗಳು

ಮಗ್ಗದಲ್ಲಿ ನೂಲು ಕಡಿದರೆ ನೇಕಾರನು ಅದನ್ನು ಗಂಟಿಕ್ಕಿ ನೇಯ್ಗೆಯನ್ನು ಮುಂದುವರಿಸುತ್ತಾನೆ. ತಾಮ್ರದ ತಂತಿ ತುಂಡಾದರೆ ತುದಿಗಳೆರಡನ್ನೂ ಹೊಸೆದು ವಿದ್ಯುತ್ತನ್ನು ಹರಿಸಬಹುದು. ಆದರೆ ಇಂದು ಬ್ರಾಡ್‌ಬ್ಯಾಂಡ್ ಸಂಪರ್ಕವನ್ನು ಊರಿಂದೂರಿಗೆ ಒಯ್ಯುತ್ತಿರುವ ಗಾಜಿನ ಎಳೆಗೆ ಗಂಟೂ ಸಲ್ಲದು, ಹೊಸೆತವೂ ಸಲ್ಲದು. ಅದನ್ನು ಕೂಡಿಸಬಲ್ಲ ಕುಶಲ ಕೈಗಳು ಇಲ್ಲವಾದರೆ ಎಷ್ಟು ಬೆಲೆಯ ಯಂತ್ರಗಳಿದ್ದರೂ ಫಲವಿಲ್ಲ. ಆ ಕುಶಲತೆ ಎಂತಹುದೆಂಬುದನ್ನು ನಾವೀಗ ನೋಡೋಣ.

ಬೆಳಕಿನ ಸಂಪೂರ್ಣ ಆಂತರಿಕ ಪ್ರತಿಫಲನವನ್ನು ನಾವು ಶಾಲೆಯಲ್ಲಿಯೇ ಓದಿರುತ್ತೇವಷ್ಟೆ. ಈ ಎಳೆಯೊಳಗೆ ಬೆಳಕು ಹೊರಚೆಲ್ಲದೆ ಸಾಗುವುದು ಆ ತತ್ತ್ವದಿಂದಲೇ. ಗಾಜನ್ನು ಸಾಕಷ್ಟು ಶುದ್ಧಗೊಳಿಸಿದರೆ ದೂರದ ಸಂದೇಶಗಳಿಗೂ ಅದು ಒದಗೀತೆಂದು 1966ರಲ್ಲಿ ಚಾರ್ಲ್ಸ್ ಕಾವೋ ಮತ್ತು ಜಾರ್ಜ್ ಹಾಕ್‌ಹ್ಯಾಮ್ ತೋರಿಸಿಕೊಟ್ಟರು. ಇಂದಿನ ಎಳೆಯಲ್ಲಿ 15 ಕಿಲೋಮೀಟರ್ ಸಾಗಿದ ಮೇಲೂ ಬೆಳಕಿನ ಸುಮಾರು ಅರ್ಧಭಾಗ ಉಳಿದಿರುತ್ತದೆ.

ಎಳೆಯ ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೆಯ ಒಂದು ಪಾಲು. ಅದರ ನಡುವೆ ಬೆಳಕು ಹರಿಯುವ ತಿರುಳಾದರೋ ಸುಮಾರು 9 ಮೈಕ್ರಾನ್ ಮಾತ್ರ. ಎರಡು ಎಳೆಗಳ ತಿರುಳುಗಳು ಒಂದಕ್ಕೊಂದು ನೇರವಾಗಿ ಕೂಡಬೇಕು. ಕೆಲಸಗಾರನು ಮೊದಲು ಎಳೆಯ ಮೇಲಿನ ಪ್ಲಾಸ್ಟಿಕ್ ಲೇಪವನ್ನು ಸುಲಿದು, ಆಲ್ಕೊಹಾಲಿನಿಂದ ಒರೆಸಿ, ತುದಿಯನ್ನು ಸಮತಟ್ಟಾಗಿ ಕತ್ತರಿಸುತ್ತಾನೆ. ಬಳಿಕ ಸ್ಪ್ಲೈಸಿಂಗ್ ಯಂತ್ರವು ತುದಿಗಳನ್ನು ಎದುರುಬದುರಾಗಿ ನಿಲ್ಲಿಸಿ, ವಿದ್ಯುತ್ ಕಿಡಿಯಿಂದ ಕರಗಿಸಿ ಬೆಸೆಯುತ್ತದೆ. ಯಂತ್ರವೇ ಬೆಸೆಯುವಾಗ ಕೈಗೆ ಏನು ಕೆಲಸವೆಂದು ಕೇಳಬಹುದು. ಧೂಳು ಕುಳಿತ ಅಥವಾ ಓರೆಯಾಗಿ ಕತ್ತರಿಸಿದ ತುದಿಯನ್ನು ಯಂತ್ರವು ಸರಿಪಡಿಸಲಾರದು. ಒಳ್ಳೆಯ ಬೆಸುಗೆಯಲ್ಲಿ ಬೆಳಕಿನ ನೂರರಲ್ಲಿ ಒಂದು ಪಾಲು ನಷ್ಟವಾದರೆ, ಕೆಟ್ಟ ಬೆಸುಗೆಯಲ್ಲಿ ಇಪ್ಪತ್ತು ಪಾಲು ನಷ್ಟವಾಗಬಹುದು. ಅಂತಹ ಮೂರೇ ಬೆಸುಗೆಗಳು 15 ಕಿಲೋಮೀಟರ್ ಗಾಜು ನುಂಗುವಷ್ಟು ಬೆಳಕನ್ನು ನುಂಗಿಬಿಡುತ್ತವೆ!

ನೆಲದೊಳಗೆ ಎಳೆ ತುಂಡಾದ ಜಾಗವನ್ನು ಪತ್ತೆಹಚ್ಚುವುದೂ ಒಂದು ವಿದ್ಯೆ. ಒಂದು ಉಪಕರಣವು ಬೆಳಕಿನ ಮಿಡಿತವನ್ನು ಎಳೆಯೊಳಗೆ ಕಳುಹಿಸಿ, ಅದರ ಮರುದನಿ ಬರುವ ಕಾಲವನ್ನು ಅಳೆಯುತ್ತದೆ. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್. ಸೆಕೆಂಡಿನ ಹತ್ತುಸಾವಿರದ ಒಂದು ಪಾಲಿನಲ್ಲಿ ಮರುದನಿ ಬಂದರೆ, ಹೋಗಿಬರುವ ದಾರಿ 20 ಕಿಲೋಮೀಟರ್. ಆದುದರಿಂದ ತುಂಡಾದುದು 10 ಕಿಲೋಮೀಟರ್ ಆಚೆ. ಆದರೆ ಇದು ಎಳೆಯ ಉದ್ದವೇ ಹೊರತು ರಸ್ತೆಯ ಉದ್ದವಲ್ಲ. ಬೆಸುಗೆಯ ಕಡೆಗಳಲ್ಲೆಲ್ಲ ಕೇಬಲನ್ನು ಸುರುಳಿಯಾಗಿ ಬಿಟ್ಟಿರುತ್ತಾರೆ. ಆ ಲೆಕ್ಕವನ್ನು ಬರೆದಿಡದೆ ಹೋದಲ್ಲಿ ಅಗೆತವೆಲ್ಲ ವ್ಯರ್ಥವಾಗುತ್ತದೆ.

ಹೀಗೆ ಈ ಕಸುಬಿಗೆ ಭೌತವಿಜ್ಞಾನದ ತಿಳಿವು, ಕೈಯ ಅಭ್ಯಾಸ, ದಾಖಲೆ ಬರೆಯುವ ಶಿಸ್ತು ಎಂಬ ಮೂರೂ ಬೇಕು. ಎಳೆಯಲ್ಲಿ ಹರಿಯುವ ಅವಕೆಂಪು ಬೆಳಕು ಕಣ್ಣಿಗೆ ಕಾಣದು, ಆದರೂ ಕಣ್ಣನ್ನು ಕೆಡಿಸಬಲ್ಲದು. ಆದುದರಿಂದ ಎಳೆಯ ತುದಿಯೊಳಗೆ ಎಂದೂ ಇಣುಕಬಾರದೆಂಬ ಎಚ್ಚರವೂ ಪಾಠದ ಭಾಗವೇ. ಇವೆಲ್ಲ ಪುಸ್ತಕವೊಂದರಿಂದಲೇ ಬರುವಂತಹವಲ್ಲ. 1950ರಲ್ಲಿ ಆರಂಭವಾದ ಕುಶಲಕರ್ಮಿ ತರಬೇತಿ ಯೋಜನೆ ಮತ್ತು 1961ರ ಅಪ್ರೆಂಟಿಸ್ ಕಾಯಿದೆ ನಮ್ಮ ದೇಶಕ್ಕೆ ತೋರಿದ ಹಾದಿಯೇ ಇಲ್ಲಿಗೂ ಸಲ್ಲುತ್ತದೆ: ತರಗತಿಯಲ್ಲಿ ತತ್ತ್ವ, ನುರಿತವರ ಬಳಿಯಲ್ಲಿ ಕೆಲಸ.

ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಈ ಎಳೆಯನ್ನು ಮುಟ್ಟಿಸಲು ಭಾರತ ಸರ್ಕಾರವು 2011ರಲ್ಲಿ ಯೋಜನೆಯೊಂದನ್ನು ಕೈಗೊಂಡಿತು, ಅದೇ ಭಾರತ್‌ನೆಟ್. ಎಳೆಯನ್ನು ಹೂಳುವುದು ಒಮ್ಮೆಯ ಕೆಲಸ, ಕಾಪಾಡುವುದು ದಿನನಿತ್ಯದ ಕೆಲಸ. ರಸ್ತೆ ಅಗೆಯುವ ಯಂತ್ರದ ಒಂದು ಏಟಿಗೆ ಊರೊಂದರ ಸಂಪರ್ಕ ಕಡಿದುಹೋಗಬಹುದು. ಆಗ ಆ ಊರು ಗಂಟೆಗಳ ಕಾಲ ಕಾಯಬೇಕೋ ವಾರಗಳ ಕಾಲ ಕಾಯಬೇಕೋ ಎಂಬುದು ಹತ್ತಿರದಲ್ಲಿ ಬಲ್ಲವರೊಬ್ಬರು ಇರುವುದನ್ನು ಅವಲಂಬಿಸಿದೆ. ಆ ಬಲ್ಲವರು ನಮ್ಮ ವಿದ್ಯಾರ್ಥಿಗಳಿಂದಲೇ ಬರಬೇಕಲ್ಲವೆ?