ಗುರು ಹೊತ್ತು ತಂದ ಶಿಷ್ಯನ ಪಾಠ

ಗುರುವೊಬ್ಬರು ತಮ್ಮ ಶಿಷ್ಯನ ವಿದ್ಯೆಯನ್ನು ಬಗಲಿಗೇರಿಸಿಕೊಂಡು ಮಕ್ಕಳ ಶಾಲೆಯ ಮೆಟ್ಟಿಲು ಹತ್ತಿದ ಪ್ರಸಂಗವಿದು. ಗುರು, ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಗೋರ್ಡನ್ ಬ್ರೌನ್. ಅಮೆರಿಕದ ಎಂಐಟಿಯಲ್ಲಿ ಎಂಜಿನಿಯರಿಂಗ್ ಡೀನ್ ಆಗಿದ್ದು, ನಿವೃತ್ತಿಯ ನಂತರ ಅರಿಜೋನಾದ ಟುಸಾನ್‌ನಲ್ಲಿ ನೆಲೆಸಿದ್ದವರು. 1988ರಲ್ಲಿ, ಎಂಬತ್ತು ತುಂಬಿದ ಮೇಲೆ, ಅಲ್ಲಿನ ಆರೆಂಜ್ ಗ್ರೋವ್ ಮಾಧ್ಯಮಿಕ ಶಾಲೆಯ ಜೀವಶಾಸ್ತ್ರದ ಮೇಷ್ಟ್ರು ಫ್ರ್ಯಾಂಕ್ ಡ್ರೇಪರ್ ಅವರಿಗೆ ಒಂದು ಸಾಫ್ಟ್‌ವೇರ್ ತೋರಿಸಿದರು. ಶನಿವಾರ, ಭಾನುವಾರ ಅದರ ಮುಂದೆ ಕೂತೆದ್ದ ಡ್ರೇಪರ್, ತಾವು ಇಷ್ಟು ವರ್ಷ ಹುಡುಕುತ್ತಿದ್ದದ್ದು ಇದನ್ನೇ ಎಂದರಂತೆ.

ಸಾಫ್ಟ್‌ವೇರಿನ ಹಿಂದಿದ್ದ ವಿದ್ಯೆ ಜೇ ಫಾರೆಸ್ಟರ್ ಅವರದು. ನೆಬ್ರಾಸ್ಕಾದ ದನ ಸಾಕುವ ಮನೆತನದ ಹುಡುಗ. ಹೈಸ್ಕೂಲಿನಲ್ಲಿದ್ದಾಗಲೇ ಗಾಳಿಯಿಂದ ವಿದ್ಯುತ್ ತೆಗೆದು ಮನೆಗೆ ದೀಪ ಕೊಟ್ಟವರು. 1939ರಲ್ಲಿ ಎಂಐಟಿಗೆ ಬಂದ ಅವರನ್ನು ಬ್ರೌನ್ ಬೇಗನೆ ತಮ್ಮ ಸರ್ವೋಮೆಕ್ಯಾನಿಸಂ ಪ್ರಯೋಗಾಲಯಕ್ಕೆ ಎಳೆದುಕೊಂಡರು. ರೇಡಾರನ್ನೋ ಫಿರಂಗಿಯನ್ನೋ ತಿರುಗಿಸುವ ಯಂತ್ರ ತನ್ನ ತಪ್ಪನ್ನು ತಾನೇ ಅಳೆದು ತಿದ್ದಿಕೊಳ್ಳಬೇಕು ಎಂಬ ಫೀಡ್‌ಬ್ಯಾಕ್ ಪಾಠ ಫಾರೆಸ್ಟರ್‌ಗೆ ಕೈಹತ್ತಿದ್ದು ಅಲ್ಲಿ.

ಆಮೇಲೆ ವರ್ಲ್‌ವಿಂಡ್ ಕಂಪ್ಯೂಟರ್, ಮ್ಯಾಗ್ನೆಟಿಕ್ ಕೋರ್ ಮೆಮೊರಿ ಎಲ್ಲ ಬರುತ್ತವೆ. ಆ ಕಥೆ ಬೇರೆಡೆ ಬೇಕಾದಷ್ಟು ಸಿಗುತ್ತದೆ, ಬಿಡಿ. 1956ರಲ್ಲಿ ಅವರು ಅದೇ ಎಂಐಟಿಯ ಮ್ಯಾನೇಜ್‌ಮೆಂಟ್ ಶಾಲೆಗೆ ಹೋದರು. ಅಲ್ಲಿ ಅವರಿಗೆ ಎದುರಾದದ್ದು ಜನರಲ್ ಎಲೆಕ್ಟ್ರಿಕ್ ಕಂಪನಿಯ ಒಂದು ಸಮಸ್ಯೆ. ಕಂಪನಿಗೆ ಕೆಂಟಕಿಯಲ್ಲಿ ಗೃಹೋಪಯೋಗಿ ಯಂತ್ರಗಳ ಕಾರ್ಖಾನೆಗಳಿದ್ದವು. ಒಮ್ಮೆ ಮೂರು ನಾಲ್ಕು ಪಾಳಿ ಕೆಲಸ. ಕೆಲವು ವರ್ಷ ಕಳೆದರೆ ಅರ್ಧ ಜನ ಮನೆಗೆ. ಎಲ್ಲ ಮಾರುಕಟ್ಟೆಯ ಏರಿಳಿತ ಎಂದು ಮ್ಯಾನೇಜರುಗಳು ಕೈ ತೊಳೆದುಕೊಂಡಿದ್ದರು. ಫಾರೆಸ್ಟರ್ ನೋಟ್‌ಬುಕ್ಕಿನ ಹಾಳೆಯ ಮೇಲೆ ದಾಸ್ತಾನು, ಆರ್ಡರು, ಕೆಲಸಗಾರರ ಸಂಖ್ಯೆ ಎಂದು ಕಾಲಂ ಎಳೆದು, ವಾರದಿಂದ ವಾರಕ್ಕೆ ಪೆನ್ಸಿಲಿನಲ್ಲಿ ಲೆಕ್ಕ ಹಾಕುತ್ತ ಹೋದರು. ಹೊರಗಿನ ಬೇಡಿಕೆ ಒಂದೇ ಸಮ ಇದ್ದಾಗಲೂ ಒಳಗೆ ತೂಗುಯ್ಯಾಲೆ ನಿಲ್ಲಲಿಲ್ಲ. ಮ್ಯಾನೇಜರುಗಳು ಜನರನ್ನು ತೆಗೆದುಕೊಳ್ಳುವ, ಬಿಡಿಸುವ ರೀತಿಯೇ ಅದನ್ನು ಜೀಕುತ್ತಿತ್ತು. ಸಿಸ್ಟಮ್ ಡೈನಾಮಿಕ್ಸ್ ಎಂಬ ಈ ವಿದ್ಯೆ ಹುಟ್ಟಿದ್ದು ಆ ಹಾಳೆಯಲ್ಲಿ.

ಪೆನ್ಸಿಲ್ ಲೆಕ್ಕ 1959ರ ಹೊತ್ತಿಗೆ ಡೈನಮೋ ಎಂಬ ಕಂಪ್ಯೂಟರ್ ಭಾಷೆಯಾಯಿತು. ಕಳೆದ ಗಳಿಗೆಗೆ ಜೆ, ಈಗಿನದಕ್ಕೆ ಕೆ, ಬರುವುದಕ್ಕೆ ಎಲ್ ಎಂದು ಹೆಸರುಗಳ ಹಿಂದೆ ಬಾಲ ಬೇರೆ; ಓದುವುದೇ ಒಂದು ತಪಸ್ಸು. ಆದರೂ 1970ರ ದಶಕದಲ್ಲಿ ನ್ಯಾನ್ಸಿ ರಾಬರ್ಟ್ಸ್ ಎಂಬ ಸಂಶೋಧಕಿ ಐದು, ಆರನೇ ತರಗತಿಯ ಮಕ್ಕಳಿಗೆ ಫೀಡ್‌ಬ್ಯಾಕ್ ಯೋಚನೆ ಕಲಿಸಿ ತೋರಿಸಿದ್ದರು. ಶಾಲೆಗಳು ಕಿವಿಗೆ ಹಾಕಿಕೊಳ್ಳಲಿಲ್ಲ.

ದಾರಿ ಸಲೀಸು ಮಾಡಿದ್ದು 1985ರಲ್ಲಿ ಬ್ಯಾರಿ ರಿಚ್‌ಮಂಡ್ ಮ್ಯಾಕಿಂಟಾಷ್‌ಗೆಂದು ತಂದ ಸ್ಟೆಲ್ಲಾ ಎಂಬ ಸಾಫ್ಟ್‌ವೇರ್. ಬ್ರೌನ್ ಶಾಲೆಗೆ ಒಯ್ದದ್ದು ಇದನ್ನೇ. ಅದರ ಪರದೆಯ ಮೇಲೆ ಸೇರಿಕೊಂಡಿರುವುದಕ್ಕೆ ಒಂದು ಪೆಟ್ಟಿಗೆ, ಹರಿಯುವುದಕ್ಕೆ ತಿರುಪು ಇರುವ ಕೊಳವೆ, ಕೊಳವೆಯ ಆಚೆ ತುದಿಗೊಂದು ಮೋಡ. ಪೆಟ್ಟಿಗೆಯೊಳಗೆ ಜಿಂಕೆಗಳು ಎಂದಿಟ್ಟುಕೊಳ್ಳಿ. ಒಂದು ಕೊಳವೆಯಲ್ಲಿ ಹುಟ್ಟು, ಇನ್ನೊಂದರಲ್ಲಿ ಸಾವು. ಜಿಂಕೆ ಹೆಚ್ಚಿದಷ್ಟೂ ಹುಟ್ಟು ಹೆಚ್ಚು ಎಂದು ಪೆಟ್ಟಿಗೆಯಿಂದ ತಿರುಪಿಗೆ ಬಾಣ ಎಳೆದರೆ ಫೀಡ್‌ಬ್ಯಾಕ್ ಕಣ್ಣಿಗೇ ಕಾಣುತ್ತದೆ. ನನಗೆ ಆ ಮೋಡದ ಮೇಲೆ ವಿಶೇಷ ಪ್ರೀತಿ. ಇದರಾಚೆಯದು ನಮ್ಮ ಲೆಕ್ಕದಲ್ಲಿಲ್ಲ ಎಂದು ಇಷ್ಟು ಪ್ರಾಮಾಣಿಕವಾಗಿ ಒಪ್ಪಿಕೊಳ್ಳುವ ಚಿಹ್ನೆಯನ್ನು ನಾನು ಬೇರೆಲ್ಲೂ ನೋಡಿಲ್ಲ.

ಡ್ರೇಪರ್ ತರಗತಿಯ ಮಕ್ಕಳು ಟುಸಾನ್ ಬಳಿ ಹೊಸ ಉದ್ಯಾನವೊಂದನ್ನು ಯೋಜಿಸುವ ಕೆಲಸಕ್ಕೆ ಕೂತರು. ಜನ ಬಂದರೆ ದುಡ್ಡು, ಜನ ಹೆಚ್ಚಿದರೆ ಪರಿಸರಕ್ಕೆ ಪೆಟ್ಟು. ಎರಡನ್ನೂ ಒಂದೇ ಮಾಡೆಲ್‌ನಲ್ಲಿ ತೂಗಬೇಕು. ಇಂಥ ಆಟದಲ್ಲಿ ಪೋರ್ಶನ್ ಮುಗಿಯುವುದೆಂತು ಎಂದು ನಮ್ಮ ಮೇಷ್ಟ್ರುಗಳು ಕೇಳಿಯಾರು. ವರ್ಷ ಮುಗಿಯಲು ವಾರಗಳು ಉಳಿದಿರುವಾಗಲೇ ಡ್ರೇಪರ್ ಪೋರ್ಶನ್ ಮುಗಿದು, ಹೊಸ ಪಾಠ ಹುಡುಕಬೇಕಾಯಿತು.

ಶಿಷ್ಯನೂ ಶಾಲೆಗಳ ಬೆನ್ನು ಹತ್ತಿದ. ಎಳೆಯ ತರಗತಿಯಿಂದಲೇ ಇದು ಬೇಕು ಎಂದು ಫಾರೆಸ್ಟರ್ ಕೊನೆಯ ದಶಕಗಳಲ್ಲಿ ಹಟ ಹಿಡಿದರು. 1991ರಲ್ಲಿ ಇದಕ್ಕೆಂದೇ ಕ್ರಿಯೇಟಿವ್ ಲರ್ನಿಂಗ್ ಎಕ್ಸ್‌ಚೇಂಜ್ ಎಂಬ ಸಂಸ್ಥೆಯೂ ಬಂತು. ಆದರೂ ಬ್ರೌನ್‌ರಂಥ ಒಬ್ಬರು ಬೆನ್ನಿಗೆ ನಿಂತ ಕಡೆ ಬೇರು ಬಿಟ್ಟಿತು, ಇಲ್ಲದ ಕಡೆ ಒಣಗಿತು. ಇದು ನನಗೆ ಸಿಟ್ಟು ತರಿಸುವ ಸಂಗತಿ. ಒಂದು ನಲ್ಲಿ ತೊಟ್ಟಿ ತುಂಬಿಸುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ ಎಂಬ ಲೆಕ್ಕ ನಮ್ಮಲ್ಲೂ ಎಲ್ಲರೂ ಮಾಡಿದವರೇ. ತುಂಬಲು ಎಷ್ಟು ಹೊತ್ತು ಎಂದು ಕೇಳಿ ಅಲ್ಲಿಗೇ ಕೈಬಿಟ್ಟರು. ನಲ್ಲಿಯನ್ನು ನಡುವೆ ಹೆಚ್ಚುಕಮ್ಮಿ ಮಾಡಿದರೆ ನೀರಿನ ಮಟ್ಟ ಹೇಗೆ ಏರಿಳಿಯುತ್ತದೆ ಎಂದು ಯಾರೂ ಗೀಟೆಳೆಸಲಿಲ್ಲ.

ಗೀಟೆಳೆಸಿದವರು ಸಂಶೋಧಕರಾದ ಲಿಂಡಾ ಬೂತ್ ಸ್ವೀನಿ ಮತ್ತು ಜಾನ್ ಸ್ಟರ್ಮನ್. ಸ್ನಾನದ ತೊಟ್ಟಿಯಿಂದ ನಿಮಿಷಕ್ಕೆ 50 ಲೀಟರ್ ಹೊರಕ್ಕೆ; ಒಳಕ್ಕೆ ಒಮ್ಮೆ 75, ಒಮ್ಮೆ 25. ಮಟ್ಟದ ನಕ್ಷೆ ಬರೆಯಿರಿ ಎಂದರು. ಬರುವ ನೀರು 50ಕ್ಕಿಂತ ಹೆಚ್ಚಿರುವವರೆಗೆ ಮಟ್ಟ ಏರುತ್ತದೆ, ಇಷ್ಟೇ. ಇದರಲ್ಲೂ ಎಡವಿದವರಿದ್ದರು. ಒಳಹರಿವು ನಿಧಾನವಾಗಿ ಏರಿ ಇಳಿಯುವ ಇನ್ನೊಂದು ಪ್ರಶ್ನೆಯಲ್ಲಂತೂ ಉತ್ತರ ಇನ್ನೂ ಕೆಟ್ಟಿತು: ಹರಿವು ಇಳಿಯತೊಡಗಿದ ಕೂಡಲೇ ಮಟ್ಟವೂ ಇಳಿಯುತ್ತದೆಂದು ಬರೆದವರು ಬಹಳ. ಫಲಿತಾಂಶ ಅಚ್ಚಾದದ್ದು 2000ದಲ್ಲಿ, ಬ್ರೌನ್ ತೀರಿಕೊಂಡ ನಾಲ್ಕು ವರ್ಷಕ್ಕೆ. ಆ ನಕ್ಷೆಗಳನ್ನು ಬರೆದವರು ಬ್ರೌನ್ ಅವರೇ ಡೀನ್ ಆಗಿದ್ದ ಎಂಐಟಿಯ ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು. ಆ ವಿದ್ಯಾರ್ಥಿಗಳಲ್ಲಿ ಎಂಜಿನಿಯರಿಂಗ್, ವಿಜ್ಞಾನ ಓದಿ ಬಂದವರೇ ಬೇಕಾದಷ್ಟು ಮಂದಿ.