ಹದಿನೆಂಟು ಕಿಲೋಮೀಟರ್ ಎಲ್ಲಿ ಹೋಯಿತು?

ಬ್ಯಾಂಕಿನಲ್ಲಿ ಗುಮಾಸ್ತನಾಗಿ ಜೀವಮಾನ ಕಳೆದವನಿಗೆ ಒಂದು ಚಾಳಿ ಬಿಡುವುದಿಲ್ಲ. ಒಂದೇ ಲೆಕ್ಕವನ್ನು ಎರಡು ಕಡೆ ಬರೆದಿದ್ದು ತಾಳೆಯಾಗದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಈಚೆಗೆ ನನಗೆ ಹಾಗೇ ಆಯಿತು. ಕಂಪ್ಯೂಟರಿನಲ್ಲಿ 69 ಕಿಲೋಮೀಟರ್ ಇದ್ದ ದಾರಿ, ಮೊಮ್ಮಗನ ಮೋಟಾರ್ ಸೈಕಲ್ಲಿನ ಜಿಪಿಎಸ್ ಡಬ್ಬಿಗೆ ಹೋದ ಮೇಲೆ 51 ಆಗಿತ್ತು. ಉಳಿದ 18 ಎಲ್ಲಿ? ನಮ್ಮ ಅಕ್ಕನ ಮನೆ ಇರುವುದೇ ಆ ಹದಿನೆಂಟರಲ್ಲಿ!

ಮೊದಲಿನಿಂದ ಹೇಳುತ್ತೇನೆ. ನಮ್ಮದು ದೊಡ್ಡಬಳ್ಳಾಪುರ. ಮೊಮ್ಮಗ ಇಂಜಿನಿಯರಿಂಗ್ ಕೊನೆಯ ವರ್ಷ ಓದುತ್ತಿದ್ದಾನೆ. ಮೊನ್ನೆ ಚಳಿಗಾಲದಲ್ಲಿ ಹೊಸಕೋಟೆಯಲ್ಲಿ ಗೆಳೆಯನ ಅಣ್ಣನ ಆರತಕ್ಷತೆ ಮುಗಿಸಿಕೊಂಡು ರಾತ್ರಿ ಬೈಕಿನಲ್ಲಿ ಹೊರಟ. ಫೋನು ತೋರಿಸಿದ ಅಡ್ಡದಾರಿ ಹಿಡಿದು ಯಾವುದೋ ನೀಲಗಿರಿ ತೋಪಿನ ಮಣ್ಣುದಾರಿಗೆ ಬಿದ್ದ. ಬೈಕು ಜಾರಿತು, ಮೊಣಕೈ ತರಚಿತು, ಅಷ್ಟರಲ್ಲಿ ಫೋನಿನ ಚಾರ್ಜೂ ಮುಗಿಯಿತು. ಮನೆಗೆ ಬಂದಾಗ ರಾತ್ರಿ ಒಂದು ಗಂಟೆ. ಮಾರನೆಯ ದಿನವೇ ನನ್ನ ಸೊಸೆ ಬೈಕಿನ ಕೀಲಿಯನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದಳು. ತಾಯಿಯ ಕರುಳು, ನಾನೂ ಎದುರಾಡಲಿಲ್ಲ.

ಈ ಮಧ್ಯೆ ಅಕ್ಕನ ಫೋನು. ಅವಳಿಗೆ ಈಗ 84. ಮಧುರೆ ಕಡೆಯ ಒಂದು ಹಳ್ಳಿಯಲ್ಲಿದ್ದಾಳೆ, ಮಂಡಿನೋವಿನಿಂದ ಹೊಸ್ತಿಲು ದಾಟುವುದೇ ಕಷ್ಟ. "ಶಿವಗಂಗೆ ಪ್ರಸಾದ ತಂದುಕೊಡೋರು ಯಾರೂ ಇಲ್ಲವೇನೋ, ತಮ್ಮ?" ಎಂದಳು. ಬೆಟ್ಟ ಹತ್ತುವ ಕಾಲು ನನಗೂ ಇಲ್ಲ. "ನಾನು ಹೋಗ್ತೀನಿ ತಾತ, ಅಮ್ಮನಿಗೆ ನೀವು ಹೇಳಿ" ಎಂದು ಮೊಮ್ಮಗ ದುಂಬಾಲು ಬಿದ್ದ. ಸೊಸೆ ಕೊನೆಗೆ ಒಪ್ಪಿದಳು, ಆದರೆ ಷರತ್ತು ಹಾಕಿ: ದಾರಿ ಹಿಂದಿನ ದಿನವೇ ತೀರ್ಮಾನವಾಗಬೇಕು, ಅದರ ಒಂದು ಪ್ರತಿ ಮನೆಯಲ್ಲಿರಬೇಕು, ಕತ್ತಲಾಗುವುದರೊಳಗೆ ವಾಪಸು ಬರಬೇಕು.

ಅವನು ಸೀನಿಯರ್ ಹುಡುಗನೊಬ್ಬನಿಂದ ಬೈಕಿನ ಹ್ಯಾಂಡಲ್‌ಗೆ ಕೂರಿಸುವ ಜಿಪಿಎಸ್ ಸಾಧನವೊಂದನ್ನು ಕೊಂಡಿದ್ದ. ಗಾರ್ಮಿನ್ ಜೂಮೋ, ಟಾಮ್‌ಟಾಮ್ ರೈಡರ್ ಎಂದು ದೂರ ಓಡಿಸುವವರು ಹೇಳುತ್ತಾರಲ್ಲ, ಆ ಜಾತಿಯದು. ಮಳೆಗೆ ಕೆಡುವುದಿಲ್ಲ, ಕೈಗವಸು ಹಾಕಿಕೊಂಡೇ ಒತ್ತಬಹುದು, ಬೈಕಿನ ಬ್ಯಾಟರಿಯಿಂದಲೇ ಓಡುತ್ತದೆ. ನಕ್ಷೆ ಅದರ ಹೊಟ್ಟೆಯಲ್ಲೇ ಇರುವುದರಿಂದ ಸಿಗ್ನಲ್ ಇಲ್ಲದ ಕಡೆಯೂ ದಾರಿ ಹೇಳುತ್ತದೆ.

"ಹಾಗಾದರೆ ಇವನು ಎಲ್ಲಿದ್ದಾನೆ ಅಂತ ಮೇಲಿನ ಉಪಗ್ರಹಕ್ಕೆ ಗೊತ್ತಿರುತ್ತಾ?" ಎಂದು ನನ್ನ ಮನೆಯಾಕೆ ಕೇಳಿದಳು. ಏಳನೇ ತರಗತಿಯ ಮೊಮ್ಮಗಳು ಹೌದು ಎಂದಳು. ಮಕ್ಕಳೇ, ಇಲ್ಲಿ ದೊಡ್ಡವರೂ ಎಡವುತ್ತಾರೆ. ಈ ಡಬ್ಬಿ ಬರೀ ಕೇಳಿಸಿಕೊಳ್ಳುತ್ತದೆ, ಉಪಗ್ರಹಕ್ಕೆ ಏನನ್ನೂ ಹೇಳುವುದಿಲ್ಲ. ನಾವು ರೇಡಿಯೋ ಹಾಕಿದ್ದು ಆಕಾಶವಾಣಿಗೆ ಗೊತ್ತಾಗುತ್ತದೆಯೇ? ಹಾಗೆಯೇ ಇದೂ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಜಿಪಿಎಸ್ ಉಪಗ್ರಹಗಳು ತಮ್ಮ ಅಣುಗಡಿಯಾರದ ಸಮಯವನ್ನು ಸಾರುತ್ತಲೇ ಇರುತ್ತವೆ. ಆ ಸಂಕೇತ ಬರಲು ಹಿಡಿದ ಸಮಯದಿಂದ ದೂರವನ್ನು ಲೆಕ್ಕ ಹಾಕಿ, ಕನಿಷ್ಠ ನಾಲ್ಕು ಉಪಗ್ರಹಗಳ ಲೆಕ್ಕ ಕೂಡಿಸಿ, ಡಬ್ಬಿ ತಾನಿರುವ ಜಾಗ ಕಂಡುಕೊಳ್ಳುತ್ತದೆ. ಅದು ಅಮೆರಿಕದ ವ್ಯವಸ್ಥೆ. ನಮ್ಮ ಇಸ್ರೋದ್ದು ನಾವಿಕ್. ಅದರ ಮೊದಲ ಉಪಗ್ರಹ ಹಾರಿದ್ದು 2013ರ ಜುಲೈ 1ರಂದು. ಅದರ ಕೇಂದ್ರ ಇರುವುದು ಬೆಂಗಳೂರಿನ ಬಳಿಯ ಬ್ಯಾಲಾಳುವಿನಲ್ಲಿ.

ಭಾನುವಾರ ಮಧ್ಯಾಹ್ನ ಮೂವರೂ ಕಂಪ್ಯೂಟರ್ ಮುಂದೆ ಕೂತೆವು. ದೊಡ್ಡಬಳ್ಳಾಪುರದಿಂದ ಅಕ್ಕನ ಹಳ್ಳಿ, ಅಲ್ಲಿ ತಿಂಡಿಯ ಡಬ್ಬಿ ಕೊಟ್ಟು ನೆಲಮಂಗಲ, ದಾಬಸ್‌ಪೇಟೆ, ಶಿವಗಂಗೆ. ಬರುವಾಗ ಪ್ರಸಾದದೊಂದಿಗೆ ಅದೇ ದಾರಿ. ಮೊಮ್ಮಗಳು ನಕ್ಷೆಯ ಮೇಲೆ ಗೆರೆ ಎಳೆದಳು. ಅಣ್ಣ ಅದನ್ನು ಜಿಪಿಎಕ್ಸ್ ಎಂಬ ಫೈಲಾಗಿ ಉಳಿಸಿದ. ನಾನು ಅದನ್ನು ನೋಟ್‌ಪ್ಯಾಡಿನಲ್ಲಿ ತೆರೆಯಿಸಿದೆ. ಏನೋ ಮಂತ್ರ ಇರುತ್ತದೆ ಎಂದುಕೊಂಡಿದ್ದರೆ ಒಳಗೆ ಇದ್ದದ್ದು ನಮ್ಮ ಲೆಡ್ಜರಿನಂತೆ ಸಾಲುಸಾಲು ಅಂಕಿ! ಒಂದೊಂದು ಸಾಲಿಗೆ ಒಂದು ಅಕ್ಷಾಂಶ, ಒಂದು ರೇಖಾಂಶ. ನಮ್ಮೂರು ಸುಮಾರು 13.29, 77.54. ಈ ಎರಡನ್ನು ಅದಲುಬದಲು ಮಾಡಿದರೆ ಉತ್ತರ ಧ್ರುವದ ಕಡೆಯ ಸ್ವಾಲ್‌ಬಾರ್ಡ್ ದ್ವೀಪಗಳ ಹತ್ತಿರ ಹೋಗಿ ಬೀಳುತ್ತೇವೆ. ಭೂಪಟದಲ್ಲಿ ಹುಡುಕಿ ನೋಡಿ.

ಇನ್ನು ವರ್ಗಾವಣೆ. ಮೊದಲ ಯುಎಸ್‌ಬಿ ಕೇಬಲ್ ಕೆಲಸ ಮಾಡಲಿಲ್ಲ; ಅದು ಚಾರ್ಜಿಗೆ ಮಾತ್ರ ಬರುವ ಕೇಬಲ್. ಎರಡನೆಯದರಲ್ಲಿ ಫೈಲು ಹೋಯಿತು, ಆದರೆ ಡಬ್ಬಿಯಲ್ಲಿ ದಾರಿಯ ಸುಳಿವಿಲ್ಲ. ಹುಡುಗರು ತಲೆ ಕೆರೆದುಕೊಂಡರು. ಚೆಕ್ಕನ್ನು ಪೆಟ್ಟಿಗೆಗೆ ಹಾಕಿದ ಮಾತ್ರಕ್ಕೆ ಖಾತೆಗೆ ಜಮಾ ಆಗುತ್ತದೆಯೇ? ಗುಮಾಸ್ತ ಎಂಟ್ರಿ ಮಾಡಬೇಡವೇ? ಹುಡುಕಿದರೆ ಡಬ್ಬಿಯೊಳಗೆ 'ಇಂಪೋರ್ಟ್' ಎಂಬ ಗುಂಡಿ ಇತ್ತು. ಅದನ್ನು ಒತ್ತಿದ ಮೇಲೆ ದಾರಿ ಬಂತು.

ಬಂತು, ಆದರೆ 51 ಕಿಲೋಮೀಟರ್.

"ಬಿಡಿ ತಾತ, ಸಾಫ್ಟ್‌ವೇರ್ ಅಂದ್ಮೇಲೆ ಸ್ವಲ್ಪ ಹೆಚ್ಚುಕಮ್ಮಿ ಇರುತ್ತೆ" ಎಂದ ಮೊಮ್ಮಗ. ಹದಿನೆಂಟು ಸ್ವಲ್ಪವೇ? ಹಿಂದೆ ಹದಿನೆಂಟು ಪೈಸೆಗೆ ರಾತ್ರಿ ಒಂಬತ್ತರವರೆಗೆ ಕೂತು ಹುಡುಕಿದ್ದೇವೆ. ಗೆರೆಯನ್ನು ಬೆರಳಿನಿಂದ ಸರಿಸುತ್ತಾ ನೋಡಿದರೆ ಡಬ್ಬಿಯ ದಾರಿ ನೇರವಾಗಿ ದಾಬಸ್‌ಪೇಟೆ ಹೆದ್ದಾರಿ ಹಿಡಿದಿತ್ತು. ಮಧುರೆಯೂ ಇಲ್ಲ, ಅಕ್ಕನೂ ಇಲ್ಲ.

ಕಾರಣ ತಿಳಿಯಲು ಸಂಜೆಯಾಯಿತು. ಇದರಲ್ಲಿ ಎರಡು ಬಗೆ. ಒಂದು ರೂಟ್, ಇನ್ನೊಂದು ಟ್ರ್ಯಾಕ್. ರೂಟ್ ಎಂದರೆ ಇಂಥವರಿಗೆ ಹಣ ತಲುಪಿಸಿ ಎಂದು ಬ್ಯಾಂಕಿಗೆ ಹೇಳಿದ ಹಾಗೆ. ಯಾವ ಶಾಖೆಯ ಮೂಲಕ ಹೋಗುತ್ತದೋ ಅದು ಬ್ಯಾಂಕಿನ ಇಷ್ಟ. ಟ್ರ್ಯಾಕ್ ಎಂದರೆ ಪಾಸ್‌ಬುಕ್. ಒಂದೊಂದು ಹೆಜ್ಜೆಯೂ ಬರೆದಿರುತ್ತದೆ, ಯಾರೂ ತಿದ್ದುವಂತಿಲ್ಲ. ನಾವು ಕಳಿಸಿದ್ದು ರೂಟ್, ಅದರಲ್ಲೂ ಹೊರಡುವ ಮತ್ತು ಸೇರುವ ಎರಡೇ ಬಿಂದು. ಮೊಮ್ಮಗಳು ಎಳೆದ ಗೆರೆಯ ತಿರುವುಗಳು ಫೈಲಿಗೆ ಇಳಿದಿರಲೇ ಇಲ್ಲ. ಡಬ್ಬಿ ತನ್ನ ನಕ್ಷೆ, ತನ್ನ ಬುದ್ಧಿಯಂತೆ ಹತ್ತಿರದ ದಾರಿ ಹಾಕಿಕೊಂಡಿತ್ತು.

ಮತ್ತೆ ಮಾಡಿದೆವು. ಅಕ್ಕನ ಹಳ್ಳಿಯನ್ನು ನಿಲ್ಲಲೇಬೇಕಾದ ಜಾಗವೆಂದು ಗುರುತಿಸಿ, ನಡುವೆ ಐದಾರು ಬಿಂದು ಇಟ್ಟೆವು. ಕೂಡುರಸ್ತೆಯ ಮೇಲೇ ಬಿಂದು ಇಡಬಾರದು, ಅದನ್ನು ದಾಟಿ ಹೋಗಬೇಕಾದ ರಸ್ತೆಯ ನಡುವೆ ಇಡಬೇಕು. ಇಲ್ಲದಿದ್ದರೆ ಪಕ್ಕದ ರಸ್ತೆಗೆ ಅಂಟಿಕೊಂಡು 'ಹಿಂದಕ್ಕೆ ತಿರುಗಿ' ಎಂದು ಡಬ್ಬಿ ಗೋಳಾಡುತ್ತದೆ. ಸಾಧನದಲ್ಲಿ 'ಮಣ್ಣುರಸ್ತೆ ಬೇಡ' ಎಂಬುದನ್ನು ಸೊಸೆಯೇ ಬಂದು ಒತ್ತಿಸಿದಳು. ಜೊತೆಗೆ ಟ್ರ್ಯಾಕನ್ನೂ ಬೇರೆಯಾಗಿ ಕಳಿಸಿದೆವು. ಈ ಸಲ 69ಕ್ಕೆ 69.4. ಇದನ್ನು ನಾನು ಪಾಸು ಮಾಡಿದೆ. ಮೊಮ್ಮಗಳು ಊರುಗಳ ಹೆಸರು, ತಲುಪುವ ಸಮಯ ಎಲ್ಲವನ್ನೂ ಹಾಳೆಯಲ್ಲಿ ಬರೆದು ಫ್ರಿಜ್ಜಿನ ಮೇಲೆ ಅಂಟಿಸಿದಳು. ಸೊಸೆ ಬೀರು ತೆಗೆದಳು.

ಬೆಳಿಗ್ಗೆ ಆರಕ್ಕೆ ಹೊರಟ. ಏಳರ ಹೊತ್ತಿಗೆ ಫೋನು ಬಂತು. ಬೈಕು ನಿಲ್ಲಿಸಿ ಮಾತಾಡುತ್ತಿದ್ದಾನೆ ಎಂದು ಮೊದಲು ಖಾತ್ರಿ ಮಾಡಿಕೊಂಡೆ. "ತಾತ, ಬಂದಾಯ್ತು ಅಂತ ಇದು ಹೇಳ್ತಿದೆ, ಇಲ್ಲಿ ನೋಡಿದ್ರೆ ರಾಗಿ ಹೊಲ!"

ಅಕ್ಕನ ಮನೆಗೇ ಫೋನು ಮಾಡಿದೆ. "ಹೊಲದ ಹತ್ತಿರ ಇದ್ದಾನಾ? ಹುಣಸೇಮರ ಕಾಣ್ತದಲ್ಲ, ಅದರ ಎಡಕ್ಕೆ ಬರೋಕೆ ಹೇಳು. ಇಷ್ಟು ದೂರ ಬಂದೋನಿಗೆ ಮರ ಕಾಣಲಿಲ್ವಾ?" ಎಂದಳು.

ಮಧ್ಯಾಹ್ನ ಪ್ರಸಾದ ತಲುಪಿತು, ಐದೂವರೆಗೆ ಹುಡುಗ ಮನೆ ಸೇರಿದ. ಅಕ್ಕನ ಬಾಗಿಲಲ್ಲಿ ನಿಂತು ಆ ಜಾಗವನ್ನು 'ದೊಡ್ಡಜ್ಜಿ ಮನೆ' ಎಂದು ಡಬ್ಬಿಯಲ್ಲಿ ಉಳಿಸಿಕೊಂಡು ಬಂದಿದ್ದ. ರಾತ್ರಿ ಮೊಮ್ಮಗಳೂ ನಾನೂ ಅದನ್ನು ನಾವು ಇಟ್ಟಿದ್ದ ಬಿಂದುವಿನ ಪಕ್ಕದಲ್ಲಿಟ್ಟು ನೋಡಿದೆವು. ರೇಖಾಂಶ ಒಂದೇ. ಅಕ್ಷಾಂಶದಲ್ಲಿ ಮಾತ್ರ 0.002 ವ್ಯತ್ಯಾಸ. ಒಂದು ಡಿಗ್ರಿ ಅಕ್ಷಾಂಶಕ್ಕೆ ಸುಮಾರು 111 ಕಿಲೋಮೀಟರ್. ಮೊಮ್ಮಗಳು ಬಾಯಲ್ಲೇ ಗುಣಿಸಿದಳು: 222 ಮೀಟರ್.

"ಹುಣಸೇಮರದಿಂದ ಮನೆವರೆಗೆ!" ಎಂದಳು.