ಕಾರಿನ ಮನೆಯಲ್ಲಿ ಮೊದಲು ಎತ್ತು ಕಾಣಬೇಕು

ಕಡೂರಿನಿಂದ ಧರ್ಮಸ್ಥಳಕ್ಕೆ ಹೊರಟವರು ಚಿಕ್ಕಮಗಳೂರು, ಮೂಡಿಗೆರೆ, ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಘಾಟಿ ಇಳಿಯುತ್ತಾರೆ. ಮಂಜುನಾಥನ ದರ್ಶನವಾಗಿ, ಅನ್ನಪೂರ್ಣ ಛತ್ರದ ಊಟವೂ ಮುಗಿದ ಮೇಲೆ ಮಕ್ಕಳು ದೊಡ್ಡವರನ್ನು ಎಳೆದುಕೊಂಡು ಹೋಗುವುದು ಹಳೆಯ ಕಾರುಗಳ ಮ್ಯೂಸಿಯಮ್ಮಿಗೆ. ಕಡೂರು, ತರೀಕೆರೆ, ಅಜ್ಜಂಪುರದ ಎಷ್ಟೋ ಜನ ಜೀವನದಲ್ಲಿ ಮೊದಲ ಸಲ ಸ್ಟುಡಿಬೇಕರ್ ಎಂಬ ಹೆಸರು ಓದಿದ್ದು ಅಲ್ಲಿಯೇ. ಗಾಂಧೀಜಿ ಕರ್ನಾಟಕದ ಪ್ರವಾಸದಲ್ಲಿ ಬಳಸಿದರೆಂದು ಹೇಳುವ ಸ್ಟುಡಿಬೇಕರ್ ಕಾರಿನ ಮುಂದೆ ಈಗಲೂ ಜನ ನಿಂತು ನೋಡುತ್ತಾರೆ.

ಡಿ. ವೀರೇಂದ್ರ ಹೆಗ್ಗಡೆಯವರು 1968ರಲ್ಲಿ ಧರ್ಮಸ್ಥಳದ ಧರ್ಮಾಧಿಕಾರಿಯಾದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ತಾಳೆಗರಿ, ಪಾತ್ರೆ, ಕ್ಯಾಮೆರಾ, ಗಡಿಯಾರ ಎಂದು ಅವರು ಕೂಡಿಟ್ಟ ವಸ್ತುಗಳಿಂದ ಮಂಜೂಷಾ ವಸ್ತುಸಂಗ್ರಹಾಲಯ ಬೆಳೆಯಿತು. ಕಾರುಗಳ ಮೇಲಿನ ಅವರ ಪ್ರೀತಿ ಅಲ್ಲಿಗೇ ನಿಲ್ಲಲಿಲ್ಲ. ಈಚಿನ ವರ್ಷಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರ, ಬೆಂಗಳೂರು–ಮೈಸೂರು ರಸ್ತೆಯ ಬದಿಯಲ್ಲಿ, ‘ಪಯಣ’ ಎಂಬ ಕಾರು ಸಂಗ್ರಹಾಲಯವೇ ತಲೆಯೆತ್ತಿತು. ಕಾರುಗಳನ್ನು ಒಂದೆಡೆ ನಿಲ್ಲಿಸುವುದು ಬೇರೆ, ಕಾರಿಗೆಂದೇ ಮನೆ ಕಟ್ಟುವುದು ಬೇರೆ. ಈ ಎರಡರ ನಡುವಿನ ದಾರಿಯನ್ನು ಜಗತ್ತಿನ ಎಲ್ಲ ಕಾರು ಸಂಗ್ರಹಾಲಯಗಳೂ ಒಂದಲ್ಲ ಒಂದು ಬಗೆಯಲ್ಲಿ ನಡೆದಿವೆ.

ಮೊದಲಿಗೆ ಇವೆಲ್ಲ ಗ್ಯಾರೇಜುಗಳೇ. ಉದಯಪುರದಲ್ಲಿ 2000ದಲ್ಲಿ ತೆರೆದ ಕಾರು ಸಂಗ್ರಹಾಲಯ ಇರುವುದು ಮೇವಾಡ ಸಂಸ್ಥಾನದ ಹಳೆಯ ಮೋಟಾರ್ ಗ್ಯಾರೇಜಿನಲ್ಲಿ. ಅರಸರ ಕಾರುಗಳು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಿರುವುದರಿಂದ ಅಲ್ಲಿ ವಿನ್ಯಾಸಕಾರನಿಗೆ ಹೆಚ್ಚು ಕೆಲಸವಿರಲಿಲ್ಲ. ಫ್ರಾನ್ಸಿನ ಮುಲೂಸ್ ಊರಿನ ಕಥೆ ಬೇರೆ. ಬಟ್ಟೆ ಗಿರಣಿಗಳ ಒಡೆಯರಾದ ಶ್ಲುಂಫ್ ಸಹೋದರರು ನೂರಕ್ಕೂ ಹೆಚ್ಚು ಬುಗಾಟಿಗಳೂ ಸೇರಿದಂತೆ ನೂರಾರು ಕಾರುಗಳನ್ನು ಒಂದು ಗಿರಣಿಯೊಳಗೆ ಗುಟ್ಟಾಗಿ ಕೂಡಿಹಾಕಿದರು. ಒಳಗೆ ಓಣಿಗಳನ್ನು ಮಾಡಿ, ಪ್ಯಾರಿಸ್ಸಿನ ಸೇತುವೆಯೊಂದರ ದೀಪಕಂಬಗಳ ಮಾದರಿಯಲ್ಲಿ ಸುಮಾರು 800 ಕಂಬಗಳನ್ನು ನೆಡಿಸಿದರು. ಗಿರಣಿಗಳು ಮುಳುಗಿದವು. ಕೂಲಿ ಹೋದ ಕಾರ್ಮಿಕರು 1977ರಲ್ಲಿ ಒಳನುಗ್ಗಿದಾಗ ತಮ್ಮ ದುಡಿಮೆಯ ಹಣ ಎಲ್ಲಿ ಹೋಗಿತ್ತೆಂದು ಕಣ್ಣಾರೆ ಕಂಡರು. ಇವತ್ತು ಅದು ಫ್ರಾನ್ಸಿನ ಹೆಮ್ಮೆಯ ಸಂಗ್ರಹಾಲಯ. ಆ ದೀಪಗಳು ಚೆಂದವೇ, ಆದರೆ ಅಲ್ಲಿ ಕಾರುಗಳು ಸಾಲು ಸಾಲಾಗಿ ನಿಂತಿವೆ. ನೂರನೆಯ ಕಾರಿನ ಹೊತ್ತಿಗೆ ನೋಡುವವನ ಕಣ್ಣು ಸೋಲುತ್ತದೆ.

ಈ ಆಯಾಸಕ್ಕೆ ಉತ್ತರ ಹುಡುಕಿದ್ದು ಜರ್ಮನಿಯ ಸ್ಟುಟ್‌ಗಾರ್ಟ್. 2006ರಲ್ಲಿ ತೆರೆದ ಮರ್ಸಿಡಿಸ್-ಬೆಂಜ್ ಸಂಗ್ರಹಾಲಯದಲ್ಲಿ ನೋಡುಗರನ್ನು ಲಿಫ್ಟಿನಲ್ಲಿ ಮೊದಲು ಮೇಲಕ್ಕೆ ಒಯ್ಯುತ್ತಾರೆ. ಅಲ್ಲಿಂದ ಒಂದನ್ನೊಂದು ಸುತ್ತಿಕೊಂಡ ಎರಡು ಇಳಿಜಾರು ದಾರಿಗಳು ಕೆಳಕ್ಕೆ ಬರುತ್ತವೆ. ಒಂದು ದಾರಿಯಲ್ಲಿ ಕಾಲದ ಕಥೆ, ಇನ್ನೊಂದರಲ್ಲಿ ಬಸ್ಸು, ಲಾರಿ, ಅಗ್ನಿಶಾಮಕ ಗಾಡಿಗಳಂಥ ಸಂಗ್ರಹ. ಒಂದರಿಂದ ಇನ್ನೊಂದಕ್ಕೆ ನಡುವೆ ದಾಟಬಹುದು. ಸುಮಾರು 160 ವಾಹನಗಳಿದ್ದರೂ ನಡೆಯುವವನಿಗೆ ದಾರಿ ತಾನೇ ಮುಂದೆ ಕರೆಯುತ್ತದೆ. ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಲಿಫ್ಟಿನಿಂದ ಹೊರಬಂದ ಕೂಡಲೇ ಎದುರಾಗುವ ಬಿಳಿ ಕುದುರೆ. ಕಾರ್ಲ್ ಬೆಂಜ್ 1886ರಲ್ಲಿ ಪೇಟೆಂಟ್ ಪಡೆದ ಮೂರು ಚಕ್ರದ ಗಾಡಿ ಕಾಣುವುದು ಆಮೇಲೆ.

ಅವರ ಕಾರಿನ ಕಥೆ ಕುದುರೆಯಿಂದ ಶುರುವಾಗುವುದಾದರೆ ನಮ್ಮದು ಎತ್ತಿನಿಂದ ಶುರುವಾಗಬೇಕು. ಆ ಎತ್ತು ಇರುವುದು ಅಜ್ಜಂಪುರದಲ್ಲಿ. ಚಿಕ್ಕದೇವರಾಜ ಒಡೆಯರ ಕಾಲದ ‘ಬೆಣ್ಣೆ ಚಾವಡಿ’ ಎಂಬ ರಾಸುಗಳ ಇಲಾಖೆಯನ್ನು ಹೈದರಾಲಿ ಬೆಳೆಸಿದ, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟ. ಫಿರಂಗಿ, ಮದ್ದುಗುಂಡು ಎಳೆಯಲೆಂದೇ ಬೆಳೆಸಿದ ತಳಿ ಇದು. ಚಿದಂಬರದ ಕೋಟೆಯನ್ನು ಉಳಿಸಲು ಹೈದರನ ಸೈನ್ಯ ಎರಡೂವರೆ ದಿನದಲ್ಲಿ ನೂರು ಮೈಲಿ ಸಾಗಿದ್ದು ಈ ಎತ್ತುಗಳ ಬಲದಿಂದ ಎಂದು ಹಳೆಯ ದಾಖಲೆಗಳು ಹೇಳುತ್ತವೆ. ಅಜ್ಜಂಪುರದ ತಳಿ ಸಂವರ್ಧನಾ ಕೇಂದ್ರದಲ್ಲಿ ಆ ರಾಸುಗಳು ಇಂದಿಗೂ ಇವೆ, ಕಡೂರು–ಬೀರೂರು ಸೀಮೆಯ ಕಾವಲುಗಳಿಗೆ ಅವುಗಳದೇ ಹೆಸರು. ಕನ್ನಡನಾಡಿನ ಕಾರು ಸಂಗ್ರಹಾಲಯದ ಬಾಗಿಲಲ್ಲಿ ಮೊದಲು ನಿಲ್ಲಬೇಕಾದ್ದು ನೊಗ ಹೊತ್ತ ಅಮೃತಮಹಲ್ ಜೋಡಿ. ಅದನ್ನು ಕಂಡು ಒಳಗೆ ಹೋದವನಿಗೆ ಇಂಜಿನ್ನು ಯಾವ ಹೊರೆಯನ್ನು ಯಾರ ಹೆಗಲಿನಿಂದ ಇಳಿಸಿತು ಎಂಬುದು ತಿಳಿಯುತ್ತದೆ.

ನಂತರದ ಮೆಟ್ಟಿಲು ತರೀಕೆರೆಯದು. ಬೆಂಗಳೂರು–ಹರಿಹರ ರೈಲು 1889ರಲ್ಲಿ ಕಡೂರು, ಬೀರೂರು ಮುಟ್ಟಿತ್ತು. ಆದರೆ ಮಲೆನಾಡಿನ ಒಳಗಿನಿಂದ ಸರಕು ಹೊರತರಲು ತರೀಕೆರೆಯಿಂದ ನರಸಿಂಹರಾಜಪುರಕ್ಕೆ ಎರಡಡಿ ಅಗಲದ ಹಳಿಯ ಮೇಲೆ ಪುಟ್ಟ ಟ್ರಾಂ ಬೇಕಾಯಿತು. ಕಾಡಿನ ನಡುವೆ ಓಡಿದ ಆ ಗಾಡಿ ಈಗಿಲ್ಲ. ಹಳಿ ಮತ್ತು ರಸ್ತೆ ಕೈಹಿಡಿದಿದ್ದ ಆ ಕಾಲಕ್ಕೆ ಮೈಸೂರಿನ ರೈಲ್ವೆ ಸಂಗ್ರಹಾಲಯದಲ್ಲಿ ಒಳ್ಳೆಯ ಸಾಕ್ಷಿಯೊಂದಿದೆ: 1925ರ ಆಸ್ಟಿನ್ ಕಾರಿಗೆ ಉಕ್ಕಿನ ಗಾಲಿ ತೊಡಿಸಿ ಹಳಿಯ ಮೇಲೆ ಓಡಿಸಿದ ರೈಲು-ಕಾರು. ಎರಡನೇ ಮಹಾಯುದ್ಧದಲ್ಲಿ ಪೆಟ್ರೋಲಿಗೆ ಬರ ಬಂದಾಗ ಇದ್ದಿಲ ಗ್ಯಾಸಿನ ಬಸ್ಸುಗಳು ಬಂದವು. ಹಿಂದೆ ಕಟ್ಟಿದ ಕೊಳವೆಯಲ್ಲಿ ಇದ್ದಿಲು ಉರಿಸಿ ಓಡುತ್ತಿದ್ದ ಅವುಗಳಿಗೆ ಏರು ಬಂದರೆ ಉಸಿರು ಹತ್ತುತ್ತಿತ್ತು, ಜನ ಇಳಿದು ನಡೆಯುತ್ತಿದ್ದರು. ರೋಲ್ಸ್ ರಾಯ್ಸ್ ಎಲ್ಲ ಊರಿನಲ್ಲೂ ಒಂದೇ. ಇದ್ದಿಲ ಬಸ್ಸಿನ ಕಥೆ ಮಾತ್ರ ಊರೂರಿಗೆ ಬೇರೆ. ಸಂಗ್ರಹಾಲಯದ ಒಳಗೆ ಅಂಥದ್ದಕ್ಕೆ ಅರಸರ ಕಾರಿನಷ್ಟೇ ಜಾಗ ಸಿಗಬೇಕೆಂಬುದು ನನ್ನ ಗಟ್ಟಿ ಅಭಿಪ್ರಾಯ.

ಇನ್ನು ಒಳಾಂಗಣದ ಕೆಲಸ. ಕಾರಿನ ಮೈ ಕನ್ನಡಿಯಂತೆ ಹೊಳೆಯುವುದರಿಂದ ಮೇಲಿನ ಪ್ರತಿ ಬಲ್ಬೂ ಅದರಲ್ಲಿ ಚುಕ್ಕೆಯಾಗಿ ಬಿದ್ದು ಬಾಗುವಿಕೆಯ ಚೆಲುವನ್ನು ಕೆಡಿಸುತ್ತದೆ. ಅದಕ್ಕೇ ಉದ್ದನೆಯ, ಮಬ್ಬಾದ ದೀಪಗಳನ್ನು ಕಾರಿನ ಉದ್ದಕ್ಕೆ ಹಾಯಿಸುತ್ತಾರೆ. ಆಗ ಬಾನೆಟ್ಟಿನಿಂದ ಹಿಂಬದಿಯವರೆಗೆ ಬೆಳಕಿನ ಒಂದೇ ಗೆರೆ ಹರಿಯುತ್ತದೆ. ಬಟ್ಟೆಯ ಸೀಟಿನ ಮೇಲೆ 50 ಲಕ್ಸ್ ಮೀರಿದ ಬೆಳಕು ವರ್ಷಗಟ್ಟಲೆ ಬಿದ್ದರೆ ಬಣ್ಣ ಮಾಸುತ್ತದೆ, ಬಿಸಿಲಂತೂ ಒಳಗೆ ಬರಲೇಕೂಡದು. ಟೈರು ಚಪ್ಪಟೆಯಾಗದಂತೆ ಅಚ್ಚಿಗೆ ಆಸರೆ ಕೊಡಬೇಕು, ಟ್ಯಾಂಕಿನ ಪೆಟ್ರೋಲು ಇಳಿಸಬೇಕು, ಬ್ಯಾಟರಿ ಬಿಚ್ಚಬೇಕು, ಎಂಜಿನ್ ಕೆಳಗೆ ಎಣ್ಣೆ ತೊಟ್ಟಿಕ್ಕುವ ಕಡೆ ತಟ್ಟೆ ಇಡಬೇಕು. ಕಂಬಗಳ ನಡುವೆ ಕಾರು ತಿರುಗುವಷ್ಟು ಜಾಗ ಬೇಕು, ಇಲ್ಲದಿದ್ದರೆ ಒಂದನ್ನು ರಿಪೇರಿಗೆ ಒಯ್ಯಲು ಹತ್ತನ್ನು ಸರಿಸಬೇಕಾದೀತು.

ಹವೆಯ ವಿಷಯದಲ್ಲಿ ನಮ್ಮ ಕಡೂರು, ತರೀಕೆರೆ ತಾಲ್ಲೂಕುಗಳೇ ಒಂದು ಪಾಠ. ಕಡೂರಿನ ಬಯಲಿನಲ್ಲಿ ಶತ್ರು ಧೂಳು. ಅಲ್ಲಿ ಬಾಗಿಲಿಗೆ ಎರಡು ಪದರ ಬೇಕು, ನೆಲ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಬೇಕು. ತರೀಕೆರೆ ದಾಟಿ ಲಕ್ಕವಳ್ಳಿಯ ಕಡೆ ಹೋದರೆ ಶತ್ರು ತೇವ. ಮಳೆಗಾಲದಲ್ಲಿ ಚರ್ಮದ ಸೀಟಿಗೆ ಬೂಷ್ಟು ಹಿಡಿಯುತ್ತದೆ, ಬಾಡಿಯೊಳಗಿನ ಮರದ ಚೌಕಟ್ಟು ಉಬ್ಬುತ್ತದೆ. ಅಲ್ಲಿ ಗಾಳಿಯ ತೇವವನ್ನು ಶೇಕಡ 50ರ ಆಸುಪಾಸಿನಲ್ಲಿ ಹಿಡಿದಿಡಬೇಕು. ಬೇರೆಡೆಯ ನಕ್ಷೆಯನ್ನು ತಂದು ಇಲ್ಲಿ ಕಟ್ಟಿದರೆ ಕಾರು ಉಳಿಯುವುದಿಲ್ಲ.

ಕಾರುಗಳನ್ನು ಎತ್ತರದ ಕಟ್ಟೆಯ ಮೇಲೆ ಏರಿಸುವುದೂ ನನಗೆ ಒಪ್ಪಿಗೆಯಿಲ್ಲ. ನೆಲದಲ್ಲಿ ಓಡಿದ್ದನ್ನು ನೆಲದಲ್ಲೇ ನೋಡಬೇಕು. ಹಗ್ಗ ಕಟ್ಟಿ, ‘ಮುಟ್ಟಬೇಡಿ’ ಎಂಬ ಫಲಕ ಹಾಕಿದರೆ ಮಗುವಿನ ಕುತೂಹಲ ಅಲ್ಲಿಗೇ ಸಾಯುತ್ತದೆ. ಒಂದಾದರೂ ಗಾಡಿಯ ಸ್ಟೀರಿಂಗ್ ಹಿಡಿದು ಕೂರಲು ಮಕ್ಕಳಿಗೆ ಬಿಡಬೇಕು, ರಬ್ಬರಿನ ಹಾರನ್ ಒತ್ತಲು ಕೊಡಬೇಕು. ಚಾಲಕ, ಕ್ಲೀನರ್, ಮೆಕ್ಯಾನಿಕ್ಕುಗಳ ಫೋಟೊ, ಲೈಸೆನ್ಸು, ಟಿಕೆಟ್ಟು ಗೋಡೆಯ ಮೇಲೆ ಇರಬೇಕು.

ಕಡೂರು, ತರೀಕೆರೆ, ಅಜ್ಜಂಪುರದ ತೋಟದ ಮನೆಗಳ ಶೆಡ್ಡಿನಲ್ಲಿ, ಅಡಿಕೆ ಮಂಡಿಯ ಹಿಂದೆ, ಹುಣಿಸೆ ಮರದಡಿ ತುಕ್ಕು ತಿನ್ನುತ್ತಿರುವ ಹಳೆಯ ವಿಲ್ಲೀಸ್ ಜೀಪು, ಅಂಬಾಸಡರ್, ಬೆಡ್‌ಫೋರ್ಡ್ ಲಾರಿ ನಿಮ್ಮಲ್ಲಿದ್ದರೆ ಗುಜರಿಯವರಿಗೆ ಕೊಡುವ ಮೊದಲು ಒಮ್ಮೆ ಯೋಚಿಸಿ. ಗಾಡಿಯನ್ನು ಉಳಿಸಿಕೊಳ್ಳಲಾಗದಿದ್ದರೂ ಅದರ ಆರ್.ಸಿ. ಪುಸ್ತಕ, ಕೊಂಡ ದಿನದ ಫೋಟೊ, ಅದನ್ನು ಓಡಿಸಿದವರ ಹೆಸರು ಬರೆದಿಡಿ.